ಮೊದಲ ತುತ್ತಿನ ಸಮಯ: ಶಿಶುವಿನ ಆಹಾರ ಮತ್ತು ನಮ್ಮ ಇತಿಹಾಸ

ಮನೆಯಲ್ಲಿ ಮಗು ಹುಟ್ಟಿ ಮೂರು ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ನೆಂಟರಿಷ್ಟರಿಂದ ಒಂದು ಪ್ರಶ್ನೆ ಬರತೊಡಗುತ್ತದೆ: ಮಗುವಿಗೆ ಏನಾದರೂ ತಿನ್ನಿಸಲು ಆರಂಭಿಸಿದಿರಾ? ಮಗು ರಾತ್ರಿ ಅತ್ತರೆ ಹಾಲು ಸಾಲುತ್ತಿಲ್ಲವೆಂದು ಒಬ್ಬರು ಹೇಳುತ್ತಾರೆ. ಮುಷ್ಟಿ ಬಾಯಿಗಿಟ್ಟರೆ ಹಸಿದಿದೆಯೆಂದು ಇನ್ನೊಬ್ಬರು ಹೇಳುತ್ತಾರೆ. ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿ ಕೊಡುವ ಸಲಹೆಯೂ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಕುರ್‌ಆನ್ ಎರಡು ವರ್ಷ ಹಾಲೂಡಿಸಲು ಹೇಳಿದೆಯಲ್ಲವೇ, ಅಲ್ಲಿಯವರೆಗೆ ಅನ್ನದ ಅವಸರವೇಕೆ ಎಂದು ವಾದಿಸುವವರೂ ಇದ್ದಾರೆ. ಅವಸರಿಸುವವರೂ ತಡಮಾಡುವವರೂ ಮಗುವಿನ ಹಿತವನ್ನೇ ಬಯಸುತ್ತಾರೆ. ಆದರೆ ಮಗುವಿನ ಕಡೆಗೆ ನೋಡಿ ನಿರ್ಧರಿಸುವವರು ಕಡಿಮೆ.

ಘನ ಆಹಾರಕ್ಕೆ ಮಗು ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ ಎಂಬುದು ಇಂದು ನಿನ್ನೆಯ ಪ್ರಶ್ನೆಯಲ್ಲ. ಕುರ್‌ಆನಿನ ವ್ಯಾಖ್ಯಾನಕಾರರು, ಹದೀಸ್ ವಿದ್ವಾಂಸರು, ಫಿಕ್‌ಹ್ ಪಂಡಿತರು, ವೈದ್ಯರು ಮತ್ತು ಆಡಳಿತಗಾರರು ಶತಮಾನಗಳ ಹಿಂದೆಯೇ ಇದನ್ನು ಎದುರಿಸಿದ್ದಾರೆ. ಅವರು ಬಿಟ್ಟುಹೋದ ಬರಹಗಳನ್ನು ಗಮನಿಸಿದಾಗ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲ ತುತ್ತು ನೀಡುವುದು ಮತ್ತು ಎದೆಹಾಲು ಬಿಡಿಸುವುದು ಎರಡು ಬೇರೆ ಬೇರೆ ಘಟ್ಟಗಳೆಂದು ಅವರು ಬಲ್ಲವರಾಗಿದ್ದರು. ಮೊದಲ ತುತ್ತಿನ ಸಮಯವನ್ನು ನಿರ್ಧರಿಸಬೇಕಾದುದು ಮಗುವಿನ ದೇಹವೇ ಹೊರತು ಹಿರಿಯರ ಅನುಕೂಲವಲ್ಲ ಎಂಬುದು ಎರಡನೆಯದು.

ಎರಡು ವರ್ಷಗಳ ಅರ್ಥ

ಸ್ತನ್ಯಪಾನದ ಕುರಿತಾದ ಪ್ರಮುಖ ಆಜ್ಞೆ ಸೂರಃ ಅಲ್ ಬಕರದ 233ನೆಯ ಸೂಕ್ತದಲ್ಲಿದೆ. ಹಾಲೂಡಿಸುವ ಅವಧಿಯನ್ನು ಪೂರ್ಣಗೊಳಿಸಲು ಬಯಸುವವರಿಗಾಗಿ ಅದು ಎರಡು ಸಂಪೂರ್ಣ ವರ್ಷಗಳನ್ನು ಹೇಳುತ್ತದೆ. ಹಾಲೂಡಿಸುವ ತಾಯಿಯ ಅನ್ನವಸ್ತ್ರದ ಹೊಣೆಯನ್ನು ಅದೇ ಸೂಕ್ತ ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆ ಆಗಬಾರದೆಂದು ಎಚ್ಚರಿಸುತ್ತದೆ. ಎರಡು ವರ್ಷಗಳಿಗಿಂತ ಮುಂಚೆಯೇ ಹಾಲು ಬಿಡಿಸುವುದಾದರೆ ಅದು ತಾಯಿತಂದೆಯರ ಪರಸ್ಪರ ಸಮ್ಮತಿ ಮತ್ತು ಸಮಾಲೋಚನೆಯಿಂದ ಆಗಬೇಕೆಂಬ ಷರತ್ತನ್ನೂ ವಿಧಿಸುತ್ತದೆ. ಇಬ್ಬರಲ್ಲಿ ಒಬ್ಬರು ಮತ್ತೊಬ್ಬರನ್ನು ಕೇಳದೆ ತಾವೊಬ್ಬರೇ ತೀರ್ಮಾನಿಸುವಂತಿಲ್ಲ, ಇದು ಮಗುವಿನ ಹಿತರಕ್ಷಣೆಗಾಗಿ ಇರುವ ಎಚ್ಚರಿಕೆ ಎಂದು ಇಬ್ನು ಕಸೀರ್(ರ) ತಮ್ಮ ವ್ಯಾಖ್ಯಾನದಲ್ಲಿ ವಿವರಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಸೂಕ್ತದಲ್ಲಿ ಬಂದಿರುವ ‘ಫಿಸಾಲ್’ ಎಂಬ ಪದದ ಅರ್ಥ ಬೇರ್ಪಡಿಸುವುದು, ಅಂದರೆ ಮಗುವನ್ನು ಎದೆಹಾಲಿನಿಂದ ಬಿಡಿಸುವುದು. ಮಗುವಿಗೆ ಮೊದಲ ಆಹಾರ ಯಾವಾಗ ನೀಡಬೇಕೆಂಬುದು ಈ ಸೂಕ್ತದ ವಿಷಯವಲ್ಲ. ಎರಡು ವರ್ಷಗಳೆಂಬುದು ಹಾಲುಣಿಸುವ ಪೂರ್ಣ ಅವಧಿಯೇ ಹೊರತು ಹಾಲನ್ನು ಮಾತ್ರ ಕೊಡಬೇಕಾದ ಅವಧಿಯಲ್ಲ. ಈ ವ್ಯತ್ಯಾಸ ಮರೆತಾಗಲೇ ಒಂದು ವರ್ಷ ತುಂಬಿದರೂ ಮಗುವಿಗೆ ಅನ್ನ ತೋರಿಸದ ಪರಿಸ್ಥಿತಿ ಉಂಟಾಗುತ್ತದೆ.

ಅಂಕಿಗಳನ್ನು ಕೂಡ ನಮ್ಮ ಪೂರ್ವಿಕರು ಕುರುಡಾಗಿ ಅನ್ವಯಿಸಲಿಲ್ಲ. ಸೂರಃ ಅಲ್ ಅಹ್‌ಕಾಫ್‌ನ 15ನೆಯ ಸೂಕ್ತವು ಗರ್ಭಧಾರಣೆ ಮತ್ತು ಸ್ತನ್ಯಪಾನದ ಒಟ್ಟು ಅವಧಿಯನ್ನು ಮೂವತ್ತು ತಿಂಗಳು ಎನ್ನುತ್ತದೆ. ಇದನ್ನು ಆಧರಿಸಿ ಇಬ್ನು ಅಬ್ಬಾಸ್(ರ)ರು ಮಾಡಿದ ಲೆಕ್ಕಾಚಾರ ಇಬ್ನು ಕಸೀರ್‌ರ ಗ್ರಂಥದಲ್ಲಿ ದಾಖಲಾಗಿದೆ. ಒಂಬತ್ತು ತಿಂಗಳಿಗೆ ಹುಟ್ಟಿದ ಮಗುವಿಗೆ 21 ತಿಂಗಳ ಹಾಲು ಸಾಕು, ಏಳು ತಿಂಗಳಿಗೆ ಹುಟ್ಟಿದ ಮಗುವಿಗೆ 23 ತಿಂಗಳು, ಆರು ತಿಂಗಳಿಗೆ ಹುಟ್ಟಿದ ಮಗುವಿಗೆ ಪೂರ್ಣ 24 ತಿಂಗಳು. ಬೇಗ ಹುಟ್ಟಿದ ಮಗುವಿಗೆ ಹೆಚ್ಚು ಕಾಲದ ಹಾಲು ಬೇಕು ಎಂಬುದು ಇದರ ಸಾರ. ಹುಟ್ಟಿದ ದಿನಾಂಕ ಒಂದೇ ಆದರೂ ಎರಡು ಮಕ್ಕಳ ದೇಹಗಳು ಒಂದೇ ಹಂತದಲ್ಲಿರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಆಹಾರ ಆರಂಭಿಸುವಾಗ ಇಂದಿನ ವೈದ್ಯರೂ ಆ ಮಗುವಿನ ಬೆಳವಣಿಗೆಯನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ.

ಇನ್ನೂ ಆಹಾರ ಸೇವಿಸದ ಮಗು

ಉಮ್ಮು ಕೈಸ್ ಬಿಂತ್ ಮಿಹ್‌ಸನ್(ರ) ಎಂಬ ಸಹಾಬಿ ಮಹಿಳೆ ತಮ್ಮ ಪುಟ್ಟ ಮಗನನ್ನು ಪ್ರವಾದಿ(ಸ)ರ ಬಳಿಗೆ ತಂದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿವರ್ಯರು(ಸ) ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡರು. ಮಗು ಅವರ ಬಟ್ಟೆಯ ಮೇಲೆ ಮೂತ್ರ ಮಾಡಿತು. ಅವರು ನೀರು ತರಿಸಿ ಅದರ ಮೇಲೆ ಚಿಮುಕಿಸಿದರೇ ಹೊರತು ಬಟ್ಟೆಯನ್ನು ತೊಳೆಯಲಿಲ್ಲ. ಈ ವರದಿಯಲ್ಲಿ ಆ ಮಗುವನ್ನು ಪರಿಚಯಿಸುವಾಗ, ಅದು ಇನ್ನೂ ಆಹಾರ ಸೇವಿಸಲು ಆರಂಭಿಸಿರಲಿಲ್ಲ ಎಂಬ ವಿವರವನ್ನು ವಿಶೇಷವಾಗಿ ಹೇಳಲಾಗಿದೆ.

ಈ ಒಂದು ವಿವರದಿಂದ ಫಿಕ್‌ಹ್‌ನ ಒಂದು ನಿಯಮವೇ ರೂಪುಗೊಂಡಿತು. ಹಾಲಿನ ಹೊರತು ಬೇರೇನನ್ನೂ ಉಣ್ಣದ ಗಂಡುಮಗುವಿನ ಮೂತ್ರ ತಗಲಿದ ಬಟ್ಟೆಗೆ ನೀರು ಚಿಮುಕಿಸಿದರೆ ಸಾಕೆಂದು ಶಾಫಿಈ ಮತ್ತು ಹಂಬಲೀ ವಿದ್ವಾಂಸರು ತೀರ್ಮಾನಿಸಿದರು. ಹನಫೀ ಮದ್‌ಹಬ್‌ನಲ್ಲಿ ಅದನ್ನು ತೊಳೆಯಬೇಕು. ನಮ್ಮ ಕರಾವಳಿಯ ಬ್ಯಾರಿ ಹಾಗೂ ಭಟ್ಕಳದ ನವಾಯತ ಕುಟುಂಬಗಳಲ್ಲಿ ಬಹುಪಾಲು ಶಾಫಿಈ ಮದ್‌ಹಬ್ ಅನುಸರಿಸುವುದರಿಂದ, ಇಲ್ಲಿನ ತಾಯಂದಿರಿಗೆ ಈ ಮಸ್‌ಅಲ ಅಪರಿಚಿತವಲ್ಲ. ನಮಾಝಿನ ಉಡುಪಿನ ಶುದ್ಧಿಗಾಗಿ ಅವರು ಇದನ್ನು ಕೇಳಿ ತಿಳಿದಿರುತ್ತಾರೆ.

ಆದರೆ ನಿಯಮ ಅನ್ವಯವಾಗಬೇಕಾದರೆ, ಮಗು ಆಹಾರ ಸೇವಿಸಲು ಆರಂಭಿಸಿದೆ ಎನ್ನುವುದು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಬೇಕು. ಹುಟ್ಟಿದ ಕೂಡಲೇ ಅಗಿದ ಖರ್ಜೂರವನ್ನು ಮಗುವಿನ ಅಂಗುಳಿಗೆ ಸವರುವ ತಹ್‌ನೀಕ್ ಆಹಾರ ಸೇವನೆಯಾಗುತ್ತದೆಯೇ? ಔಷಧವಾಗಿ ನೆಕ್ಕಿಸಿದ ಪದಾರ್ಥ ಆಹಾರವೇ? 13ನೆಯ ಶತಮಾನದಲ್ಲಿ ದಮಾಸ್ಕಸ್‌ನಲ್ಲಿದ್ದ ಇಮಾಮ್ ನವವಿ(ರ) ಸಹಿತ ಶಾಫಿಈ ವಿದ್ವಾಂಸರು ಇದಕ್ಕೆ ಕೊಟ್ಟ ಉತ್ತರ ಬಹಳ ಸೂಕ್ಷ್ಮವಾದುದು. ಪೋಷಣೆಗಾಗಿ ಉಣ್ಣುವುದೇ ಆಹಾರ ಸೇವನೆ. ತಹ್‌ನೀಕ್ ಆಗಲಿ, ಔಷಧಿಯ ಹನಿಯಾಗಲಿ ಆ ಲೆಕ್ಕಕ್ಕೆ ಸೇರುವುದಿಲ್ಲ. ನಾಲಿಗೆಗೆ ರುಚಿ ತಗಲುವುದಕ್ಕೂ ಹೊಟ್ಟೆಗೆ ಊಟ ಬೀಳುವುದಕ್ಕೂ ಇರುವ ಅಂತರವನ್ನು ಫಿಕ್‌ಹ್ ಹೀಗೆ ಗುರುತಿಸಿತು.

ಈ ಚರ್ಚೆಯಿಂದ ನಮಗೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಇನ್ನೂ ಹಾಲುಣ್ಣುತ್ತಿರುವ, ಎರಡು ವರ್ಷ ತುಂಬದ ಮಗು ಆಹಾರವನ್ನೂ ಸೇವಿಸುವುದು ಅಂದಿನ ಸಮಾಜದಲ್ಲಿ ಸಹಜವಾಗಿತ್ತು. ಇಲ್ಲದಿದ್ದರೆ ಆಹಾರ ಉಂಡ ಶಿಶು, ಉಣ್ಣದ ಶಿಶು ಎಂದು ವಿಂಗಡಿಸುವ ಅಗತ್ಯವೇ ಬರುತ್ತಿರಲಿಲ್ಲ. ಎರಡು ವರ್ಷ ಹಾಲಷ್ಟೇ ಸಾಕೆಂಬ ವಾದಕ್ಕೆ ನಮ್ಮ ಫಿಕ್‌ಹ್ ಗ್ರಂಥಗಳಲ್ಲೇ ಉತ್ತರವಿದೆ.

ಮಗುವಿಗಾಗಿ ಕಾದ ನ್ಯಾಯ

ಹಾಲು ಬಿಡಿಸುವ ವಿಷಯದಲ್ಲಿ ಅವಸರ ಸಲ್ಲದೆಂಬುದಕ್ಕೆ ಪ್ರವಾದಿ(ಸ)ರ ಕಾಲದ ಒಂದು ಪ್ರಸಂಗ ಸಾಕ್ಷಿಯಾಗಿದೆ. ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡು ಗಾಮಿದ್ ಗೋತ್ರದ ಮಹಿಳೆಯೊಬ್ಬಳು ಶಿಕ್ಷೆ ಕೋರಿ ಬಂದಳು. ಆಕೆ ಗರ್ಭಿಣಿಯಾಗಿದ್ದಳು. ಹೆರಿಗೆಯಾಗುವವರೆಗೆ ಆಕೆಯನ್ನು ಮರಳಿ ಕಳುಹಿಸಲಾಯಿತು. ಹೆರಿಗೆಯ ಬಳಿಕ ಮಗುವಿನೊಂದಿಗೆ ಬಂದಾಗ, ಹಾಲು ಬಿಡಿಸುವವರೆಗೆ ಹಾಲೂಡಿಸುವಂತೆ ಸೂಚಿಸಿ ಮತ್ತೆ ಕಳುಹಿಸಲಾಯಿತು. ಕೊನೆಗೆ ಆಕೆ ಬಂದಾಗ ಮಗುವಿನ ಕೈಯಲ್ಲಿ ರೊಟ್ಟಿಯ ತುಂಡಿತ್ತು. ಮಗು ಹಾಲು ಬಿಟ್ಟು ಆಹಾರ ಉಣ್ಣುತ್ತಿದೆಯೆಂಬುದನ್ನು ತೋರಿಸಲು ಆಕೆ ಅದನ್ನು ತಂದಿದ್ದಳೆಂದು ಸಹೀಹ್ ಮುಸ್ಲಿಮ್‌ನ ವರದಿ ತಿಳಿಸುತ್ತದೆ. ಗಂಭೀರವಾದ ಕಾನೂನು ಪ್ರಕ್ರಿಯೆಯೂ ಹಾಲುಣ್ಣುವ ಮಗುವಿನ ಹಕ್ಕಿನ ಮುಂದೆ ಕಾದು ನಿಂತಿತು. ಮಗು ತನ್ನ ಕೈಯಿಂದ ಆಹಾರ ಹಿಡಿದು ತಿನ್ನುವುದು ಅಂದು ಒಂದು ಪುರಾವೆಯಾಗಿತ್ತು ಎಂಬುದು ಗಮನಾರ್ಹ.

ಖಲೀಫರ ಕಿವಿಗೆ ಬಿದ್ದ ಅಳು

ಖಲೀಫ ಉಮರ್(ರ)ರ ಆಡಳಿತ 634ರಿಂದ 644ರವರೆಗೆ ನಡೆಯಿತು. ಸಾರ್ವಜನಿಕ ಖಜಾನೆಯಿಂದ ಜನರಿಗೆ ವರ್ಷಾಶನ ಹಂಚಲು ಅವರು ದೀವಾನ್ ಎಂಬ ದಾಖಲೆ ವ್ಯವಸ್ಥೆಯನ್ನು ಸ್ಥಾಪಿಸಿದರು. ಮಕ್ಕಳಿಗೂ ಅದರಲ್ಲಿ ಪಾಲಿತ್ತು. ಆದರೆ ಆರಂಭದಲ್ಲಿ ಹಾಲು ಬಿಟ್ಟ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತಿತ್ತು. ಹಾಲುಣ್ಣುವ ಮಗುವಿಗೆ ಪ್ರತ್ಯೇಕ ಖರ್ಚಿಲ್ಲವೆಂದು ಕಾಣುವಾಗ ಇದು ತರ್ಕಬದ್ಧ ನಿಯಮವೇ ಆಗಿತ್ತು.

9ನೆಯ ಶತಮಾನದ ಇತಿಹಾಸಕಾರ ಇಬ್ನು ಸಅದ್(ರ) ತಮ್ಮ ತಬಕಾತ್‌ನಲ್ಲಿ ಇದರ ಮುಂದಿನ ಕಥೆಯನ್ನು ದಾಖಲಿಸಿದ್ದಾರೆ. ವ್ಯಾಪಾರಿಗಳ ತಂಡವೊಂದು ಮದೀನಾಕ್ಕೆ ಬಂದು ಬೀಡುಬಿಟ್ಟಿತ್ತು. ರಾತ್ರಿ ಕಳ್ಳತನ ಆಗದಿರಲೆಂದು ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕಾವಲು ನಿಂತು ನಮಾಝ್ ಮಾಡುತ್ತಿದ್ದರು. ಮಗುವೊಂದು ಅಳುವ ಸದ್ದು ಉಮರ್‌ರ ಕಿವಿಗೆ ಬಿತ್ತು. ಅವರು ಆ ಕಡೆಗೆ ಹೋಗಿ, ಅಲ್ಲಾಹನನ್ನು ಭಯಪಟ್ಟು ಮಗುವನ್ನು ಚೆನ್ನಾಗಿ ನೋಡಿಕೊಳ್ಳುವಂತೆ ತಾಯಿಗೆ ಹೇಳಿ ಮರಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅಳು ಕೇಳಿತು. ಅವರು ಮತ್ತೆ ಹೋಗಿ ಅದನ್ನೇ ಹೇಳಿದರು. ರಾತ್ರಿಯ ಕೊನೆಯ ಜಾವದಲ್ಲಿ ಮೂರನೆಯ ಬಾರಿಗೆ ಅಳು ಕೇಳಿದಾಗ ಆಕೆಯನ್ನು ಗದರಿ, ಮಗು ಇಡೀ ರಾತ್ರಿ ನೆಮ್ಮದಿಯಿಲ್ಲದೆ ಇರಲು ಕಾರಣವೇನೆಂದು ಕೇಳಿದರು. ತನ್ನೆದುರು ನಿಂತಿರುವವರು ಯಾರೆಂದು ಆಕೆಗೆ ತಿಳಿದಿರಲಿಲ್ಲ. ತಾನು ಮಗುವಿಗೆ ಹಾಲು ಬಿಡಿಸಲು ಯತ್ನಿಸುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದು ಆಕೆ ಉತ್ತರಿಸಿದಳು. ಏಕೆಂದು ವಿಚಾರಿಸಿದಾಗ, ಉಮರ್ ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ವರ್ಷಾಶನ ಕೊಡುತ್ತಾರಲ್ಲ ಎಂದಳು. ಮಗುವಿನ ವಯಸ್ಸು ಕೇವಲ ಕೆಲವು ತಿಂಗಳು. ಮಗುವನ್ನು ಅವಸರಪಡಿಸಬೇಡವೆಂದು ಹೇಳಿ ಅವರು ಹೊರಟುಹೋದರು.

ಅಂದಿನ ಫಜ್ರ್ ನಮಾಝಿನಲ್ಲಿ ಅಳುವಿನ ಕಾರಣದಿಂದ ಖಲೀಫರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ. ಸಲಾಮ್ ಹೇಳಿದ ಬಳಿಕ ಅವರು, ಎಷ್ಟು ಮಕ್ಕಳ ಸಾವಿಗೆ ತಾನು ಕಾರಣನಾಗಿರಬಹುದೋ ಎಂದು ತಮ್ಮನ್ನೇ ದೂಷಿಸಿಕೊಂಡರು. ಮಕ್ಕಳಿಗೆ ಹಾಲು ಬಿಡಿಸಲು ಅವಸರಿಸಬೇಡಿ, ಇನ್ನು ಮುಂದೆ ಹುಟ್ಟಿದ ಪ್ರತಿಯೊಂದು ಮಗುವಿಗೂ ವರ್ಷಾಶನ ಇದೆ ಎಂದು ಸಾರಿಸಿದರು. ಎಲ್ಲ ಪ್ರಾಂತಗಳಿಗೂ ಈ ಆದೇಶವನ್ನು ಬರೆದು ಕಳುಹಿಸಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಉಮರ್(ರ)ರ ದೈವಭಯಕ್ಕೆ ಉದಾಹರಣೆಯಾಗಿ ನಮ್ಮ ಪ್ರವಚನಗಳಲ್ಲಿ ಹೇಳಲಾಗುತ್ತದೆ. ಅದು ಸರಿಯೇ. ಆದರೆ ಇದರೊಳಗೆ ಶಿಶುಪೋಷಣೆಯ ಒಂದು ದೊಡ್ಡ ಪಾಠವೂ ಇದೆ. ಆ ತಾಯಿ ಕ್ರೂರಿಯಾಗಿರಲಿಲ್ಲ, ಆಕೆಗೆ ಹಣದ ಅಗತ್ಯವಿತ್ತು. ಸದುದ್ದೇಶದ ಒಂದು ನಿಯಮ ಆಕೆಯ ಕೈಯಿಂದ ಮಗುವಿನ ಹಾಲನ್ನು ಕಸಿಯುತ್ತಿತ್ತು. ಮಗು ಸಿದ್ಧವಿರಲಿಲ್ಲ, ತನ್ನ ನಿರಾಕರಣೆಯನ್ನು ಅಳುವಿನ ಮೂಲಕ ತಿಳಿಸಿತು. ಖಲೀಫರು ತಾಯಿಗೆ ಮೂರು ಬಾರಿ ಉಪದೇಶ ಮಾಡಿದರೂ ಅಳು ನಿಲ್ಲಲಿಲ್ಲ. ನಿಯಮ ಬದಲಾದಾಗಲಷ್ಟೇ ಮಗುವಿಗೆ ನ್ಯಾಯ ಸಿಕ್ಕಿತು. ತಾಯಂದಿರಿಗೆ ಬುದ್ಧಿ ಹೇಳುವುದು ಸುಲಭ, ಅವರ ಮೇಲಿನ ಒತ್ತಡವನ್ನು ಇಳಿಸುವುದು ಸಮಾಜದ ಹೊಣೆ.

ವೈದ್ಯರು ಗುರುತಿಸಿದ ಲಕ್ಷಣ

ಮಗು ಸಿದ್ಧವಾಗಿದೆಯೆಂದು ತಿಳಿಯುವ ಲಕ್ಷಣ ಯಾವುದೆಂಬುದನ್ನು ವೈದ್ಯರು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಇಸ್ಲಾಮಿಗೆ ಮುಂಚಿನ ಗ್ರೀಕ್ ವೈದ್ಯರಲ್ಲೂ ಈ ಚರ್ಚೆ ಇತ್ತು. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿದ್ದ ಎಫೆಸಸ್‌ನ ಸೊರಾನಸ್ ಎಂಬ ವೈದ್ಯನು, ನಲವತ್ತು ದಿನಕ್ಕೇ ಧಾನ್ಯದ ಆಹಾರ ಕೊಡುವವರನ್ನು ಟೀಕಿಸಿ, ದೇಹ ಗಟ್ಟಿಯಾಗುವವರೆಗೆ ಹಾಲೇ ಸಾಕು, ಆ ಸ್ಥಿತಿ ಆರು ತಿಂಗಳಿಗೆ ಮುಂಚೆ ಬರುವುದು ಅಪರೂಪ ಎಂದು ಬರೆದಿದ್ದನು. ಅವಸರ ಎಂಬುದು ಎಷ್ಟು ಹಳೆಯ ರೋಗವೆಂದು ಇದರಿಂದ ತಿಳಿಯುತ್ತದೆ.

ಮುಸ್ಲಿಮ್ ವೈದ್ಯರು ಗ್ರೀಕ್ ವೈದ್ಯಶಾಸ್ತ್ರವನ್ನು ಅರಬೀ ಭಾಷೆಗೆ ತಂದು, ಮಕ್ಕಳ ಆರೈಕೆಗೆಂದೇ ಪ್ರತ್ಯೇಕ ಗ್ರಂಥಗಳನ್ನು ರಚಿಸುವ ಮಟ್ಟಕ್ಕೆ ಬೆಳೆಸಿದರು. 10ನೆಯ ಶತಮಾನದಲ್ಲಿ ಟ್ಯುನೀಷಿಯಾದ ಕೈರವಾನ್‌ನಲ್ಲಿದ್ದ ಇಬ್ನುಲ್ ಜಝ್ಝಾರ್ ಮಕ್ಕಳ ಪಾಲನೆಯ ಕುರಿತು ಬರೆದರು. ಅದೇ ಶತಮಾನದಲ್ಲಿ ಕಾರ್ಡೊಬಾದ ಅರೀಬ್ ಬಿನ್ ಸಅದ್ ಗರ್ಭಿಣಿಯರು ಹಾಗೂ ನವಜಾತ ಶಿಶುಗಳ ಆರೈಕೆಯ ಬಗ್ಗೆ ಬರೆದರು. ಇಬ್ನು ಸೀನಾ (980–1037) ತಮ್ಮ ಅಲ್ ಕಾನೂನ್ ಫಿತ್ತಿಬ್ಬ್‌ನ ಮೊದಲ ಸಂಪುಟದಲ್ಲೇ ಶಿಶುಪೋಷಣೆಗೆ ಅಧ್ಯಾಯಗಳನ್ನು ಮೀಸಲಿಟ್ಟರು. ಸ್ತನ್ಯಪಾನದ ಸಹಜ ಅವಧಿ ಎರಡು ವರ್ಷ ಎಂದು ಅವರು ಹೇಳುತ್ತಾರೆ. ಆದರೆ ಆಹಾರದ ಆರಂಭಕ್ಕೆ ಅವರು ಕೊಡುವ ಲಕ್ಷಣ ಬೇರೆ. ಮಗುವಿಗೆ ಮುಂಬಲ್ಲುಗಳು ಮೂಡಿದಾಗ ಕ್ರಮೇಣ ಗಟ್ಟಿ ಆಹಾರದ ಕಡೆಗೆ ಸಾಗಬೇಕು, ಅಗಿಯಲು ಕಷ್ಟವಾದುದನ್ನು ಕೊಡಬಾರದು. ಮಗು ಹಾಲಿನ ಹೊರತು ಬೇರೆಯದನ್ನು ಬಯಸಿದಾಗ ಸ್ವಲ್ಪಸ್ವಲ್ಪವಾಗಿ ಕೊಡಬೇಕು, ಬಲವಂತ ಮಾಡಬಾರದು. ಹಾಲು ಬಿಡಿಸುವುದೂ ಒಮ್ಮೆಲೇ ಆಗಬಾರದು.

ಇಮಾಮ್ ಇಬ್ನುಲ್ ಕಯ್ಯಿಮ್(ರ) (1292–1350) ಇದೇ ವಿಷಯವನ್ನು ಧಾರ್ಮಿಕ ದೃಷ್ಟಿಯೊಂದಿಗೆ ಬೆಸೆದು ಬರೆದರು. ನವಜಾತ ಶಿಶುವಿಗೆ ಸಂಬಂಧಿಸಿದ ವಿಧಿಗಳನ್ನು ಸಂಗ್ರಹಿಸಿದ ಅವರ ತುಹ್ಫತುಲ್ ಮೌದೂದ್ ಗ್ರಂಥದಲ್ಲಿ ಅಕೀಕಾ, ನಾಮಕರಣದಂತಹ ವಿಷಯಗಳೊಂದಿಗೆ ಶಿಶುವಿನ ಆಹಾರದ ಬಗ್ಗೆಯೂ ಭಾಗವಿದೆ. ಶಿಶುವಿನ ಜಠರ ಹಾಗೂ ಜೀರ್ಣಶಕ್ತಿ ದುರ್ಬಲವಾಗಿರುವುದರಿಂದ ಹಲ್ಲು ಮೂಡುವವರೆಗೆ ಹಾಲು ಮಾತ್ರ ಸಾಕು ಎಂದು ಅವರು ಸೂಚಿಸುತ್ತಾರೆ. ಹಲ್ಲು ಮೂಡಿದಾಗ ಜಠರವೂ ಬಲಗೊಂಡಿರುತ್ತದೆ. ಆಹಾರದ ಅಗತ್ಯ ಬರುವವರೆಗೆ ಅಲ್ಲಾಹನು ಹಲ್ಲುಗಳನ್ನು ತಡೆಹಿಡಿದಿರುವುದು ಅವನ ಯುಕ್ತಿ, ಜೊತೆಗೆ ಹಾಲೂಡಿಸುವ ತಾಯಿಗೆ ಕಚ್ಚುವ ನೋವಾಗದಿರಲೆಂಬ ಕರುಣೆ ಎಂದು ಅವರು ವಿವರಿಸುತ್ತಾರೆ.

ನಂತರ ಅವರು ಒಂದು ಕ್ರಮವನ್ನೇ ಹಾಕಿಕೊಡುತ್ತಾರೆ. ಮೊದಲು ಬಿಸಿನೀರು ಅಥವಾ ಹಾಲಿನಲ್ಲಿ ನೆನೆಸಿದ ಮೆತ್ತಗಿನ ರೊಟ್ಟಿ. ಆಮೇಲೆ ಬೇಯಿಸಿದ ಆಹಾರ ಮತ್ತು ಮಾಂಸವಿಲ್ಲದ ಸಾರು. ಕೊನೆಗೆ ಚೆನ್ನಾಗಿ ಅರೆದ, ಬಹಳ ಮೃದುವಾದ ಮಾಂಸ. ಹಾಲು ಬಿಡಿಸಲು ತೀವ್ರ ಸೆಕೆ ಅಥವಾ ಚಳಿ ಇಲ್ಲದ ಸಮಶೀತೋಷ್ಣ ಕಾಲ ಉತ್ತಮ, ಅದೂ ಹಲ್ಲುಗಳು ಪೂರ್ತಿಯಾಗಿ ಬಂದ ಮೇಲೆ ಮತ್ತು ಹಂತಹಂತವಾಗಿ ಎನ್ನುತ್ತಾರೆ. ಇಲ್ಲಿಯೂ ಮೊದಲ ತುತ್ತು ಮತ್ತು ಹಾಲು ಬಿಡಿಸುವಿಕೆ ಎರಡು ಬೇರೆ ಘಟ್ಟಗಳು. ಮೊದಲನೆಯದು ಹಲ್ಲು ಮೂಡುವ ಕಾಲಕ್ಕೆ, ಎರಡನೆಯದು ಹಲ್ಲುಗಳೆಲ್ಲ ಬಂದ ಮೇಲೆ. ನಡುವಿನ ಇಡೀ ಅವಧಿಯಲ್ಲಿ ಹಾಲೂ ಆಹಾರವೂ ಜೊತೆಜೊತೆಯಾಗಿ ಸಾಗುತ್ತವೆ.

ಡಬ್ಬಿಯ ಆಹಾರ ತಂದ ಅವಸರ

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ಮನೆಯಿಂದ ಮಾರುಕಟ್ಟೆಗೆ ಹೋಯಿತು. 1867ರಲ್ಲಿ ಸ್ವಿಟ್ಝರ್‌ಲೆಂಡಿನಲ್ಲಿ ಹೆನ್ರಿ ನೆಸ್ಲೆ ಹಾಲು ಮತ್ತು ಗೋಧಿಯ ಹಿಟ್ಟಿನಿಂದ ತಯಾರಿಸಿದ ಶಿಶು ಆಹಾರವನ್ನು ಮಾರಾಟಕ್ಕೆ ತಂದರು. 1928ರಲ್ಲಿ ಅಮೆರಿಕದಲ್ಲಿ ಗರ್ಬರ್ ಸಂಸ್ಥೆಯ ಸೋಸಿದ ತರಕಾರಿಯ ಡಬ್ಬಿಗಳು ಬಂದವು. ತಾಯಿಯ ಹಾಲಿಲ್ಲದ ಶಿಶುಗಳಿಗೆ ಇಂತಹ ಆಹಾರಗಳಿಂದ ಉಪಕಾರವಾದದ್ದೂ ಉಂಟು. ಆದರೆ ಆಹಾರ ಆರಂಭಿಸುವ ವಯಸ್ಸು ಪಾಶ್ಚಾತ್ಯ ದೇಶಗಳಲ್ಲಿ ಕೆಳಗಿಳಿಯುತ್ತಾ ಬಂತು. 1950ರ ದಶಕದ ಅಮೆರಿಕದಲ್ಲಿ ಹುಟ್ಟಿದ ಕೆಲವೇ ವಾರಗಳಿಗೆ ಧಾನ್ಯದ ಆಹಾರ ಕೊಡಲು ಸಲಹೆ ನೀಡುವ ವೈದ್ಯರಿದ್ದರು. ಸೊರಾನಸ್ ಟೀಕಿಸಿದ ನಲವತ್ತು ದಿನಗಳ ಅವಸರವೇ ಹೊಸ ವೇಷದಲ್ಲಿ ಮರಳಿ ಬಂದಂತಾಯಿತು.

ಬಡ ದೇಶಗಳಲ್ಲಿ ಇದರ ಪರಿಣಾಮ ಭೀಕರವಾಗಿತ್ತು. ಶುದ್ಧ ನೀರಿಲ್ಲದ ಕಡೆ ಬಾಟಲಿ ಮತ್ತು ಡಬ್ಬಿಯ ಹಾಲು ಶಿಶುಗಳಿಗೆ ಭೇದಿ, ಅಪೌಷ್ಟಿಕತೆ ತಂದೊಡ್ಡಿತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1939ರಲ್ಲಿ ಸಿಂಗಾಪುರದಲ್ಲಿ ಮಾಡಿದ ಭಾಷಣದಲ್ಲಿ, ಎದೆಹಾಲಿನ ಬದಲು ಸಿಹಿ ಡಬ್ಬಿಹಾಲನ್ನು ಪ್ರಚಾರ ಮಾಡುವುದನ್ನು ಕೊಲೆಗೆ ಸಮಾನವೆಂದು ಖಂಡಿಸಿದರು. 1981ರಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿ ಪದಾರ್ಥಗಳ ಮಾರಾಟ ಪ್ರಚಾರಕ್ಕೆ ಅಂತಾರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. ಭಾರತವು 1992ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. 2003ರ ತಿದ್ದುಪಡಿಯ ಪ್ರಕಾರ ಶಿಶು ಆಹಾರವೆಂದರೆ ಆರು ತಿಂಗಳ ನಂತರ, ಎರಡು ವರ್ಷದವರೆಗೆ, ತಾಯಿಯ ಹಾಲಿಗೆ ಪೂರಕವಾಗಿ ಕೊಡುವ ಆಹಾರ. ಅಂತಹ ಆಹಾರದ ಜಾಹೀರಾತಿಗೆ ನಿಷೇಧವಿದೆ.

ಆರು ತಿಂಗಳೆಂಬ ಅಂಕಿಯೂ ಸುಲಭವಾಗಿ ಬಂದುದಲ್ಲ. ಹಿಂದೆ ವಿಶ್ವ ಆರೋಗ್ಯ ಸಂಸ್ಥೆಯು ನಾಲ್ಕರಿಂದ ಆರು ತಿಂಗಳ ನಡುವೆ ಪೂರಕ ಆಹಾರ ಆರಂಭಿಸಲು ಹೇಳುತ್ತಿತ್ತು. ಲಭ್ಯ ಅಧ್ಯಯನಗಳ ಪರಿಶೀಲನೆಯ ಬಳಿಕ 2001ರ ಮೇ ತಿಂಗಳಲ್ಲಿ, ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಪೂರಕ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ ಎದೆಹಾಲು ಎಂಬ ಶಿಫಾರಸು ಸ್ಥಿರವಾಯಿತು. ಮೊದಲ ತುತ್ತಿಗೆ ಒಂದು ಘಟ್ಟ, ಹಾಲು ಬಿಡಿಸಲು ಇನ್ನೊಂದು ಘಟ್ಟ ಎಂಬ ನಮ್ಮ ಪೂರ್ವಿಕರ ವಿಂಗಡಣೆಯನ್ನು ಇಲ್ಲಿಯೂ ಕಾಣಬಹುದು.

ಇಂದು ನೋಡಬೇಕಾದ ಲಕ್ಷಣಗಳು

ಹಲ್ಲನ್ನು ಇಂದಿನ ವೈದ್ಯರು ಸಿದ್ಧತೆಯ ಗುರುತೆಂದು ಪರಿಗಣಿಸುವುದಿಲ್ಲ. ಅನೇಕ ಮಕ್ಕಳಿಗೆ ಆರು ತಿಂಗಳ ಸುಮಾರಿಗೆ ಮೊದಲ ಹಲ್ಲು ಬರುವುದರಿಂದ ಹಳೆಯ ವೈದ್ಯರ ಅಂದಾಜು ವಾಸ್ತವಕ್ಕೆ ಹತ್ತಿರವೇ ಇತ್ತು. ಆದರೆ ಕೆಲವು ಮಕ್ಕಳಿಗೆ ನಾಲ್ಕು ತಿಂಗಳಿಗೇ ಹಲ್ಲು ಬರುತ್ತದೆ, ಕೆಲವರಿಗೆ ವರ್ಷ ತುಂಬಿದರೂ ಬರುವುದಿಲ್ಲ. ಮೆತ್ತಗಿನ ಆಹಾರವನ್ನು ಮಗು ಒಸಡಿನಿಂದಲೇ ಅರೆಯಬಲ್ಲದು. ಆದ್ದರಿಂದ ಹಲ್ಲಿಗಾಗಿ ಕಾಯುವ ಅಗತ್ಯವಿಲ್ಲ. ಲಕ್ಷಣ ಬದಲಾಗಿದೆ, ಆದರೆ ಮಗುವಿನ ದೇಹವನ್ನೇ ನೋಡಬೇಕೆಂಬ ಇಬ್ನು ಸೀನಾ ಮತ್ತು ಇಬ್ನುಲ್ ಕಯ್ಯಿಮ್‌ರ ತತ್ವ ಬದಲಾಗಿಲ್ಲ.

ಇಂದು ವೈದ್ಯರು ಮುಖ್ಯವಾಗಿ ಮೂರು ಲಕ್ಷಣಗಳನ್ನು ನೋಡುತ್ತಾರೆ. ಮಗು ಕೂತ ಭಂಗಿಯಲ್ಲಿ ಇರಬಲ್ಲುದು ಮತ್ತು ತಲೆಯನ್ನು ಅಲುಗಾಡದಂತೆ ಹಿಡಿದುಕೊಳ್ಳಬಲ್ಲುದು. ಆಹಾರವನ್ನು ಕಣ್ಣಿನಿಂದ ನೋಡಿ, ಕೈಯಿಂದ ಹಿಡಿದು, ಬಾಯಿಗೆ ಒಯ್ಯಬಲ್ಲುದು. ಬಾಯಿಗೆ ಹೋದುದನ್ನು ನಾಲಿಗೆಯಿಂದ ಹೊರಕ್ಕೆ ತಳ್ಳದೆ ನುಂಗಬಲ್ಲುದು. ಈ ಮೂರೂ ಒಟ್ಟಾಗಿ ಆರು ತಿಂಗಳಿಗೆ ಮುಂಚೆ ಕಾಣಿಸಿಕೊಳ್ಳುವುದು ಅಪರೂಪ. ಮುಷ್ಟಿ ಚೀಪುವುದು, ರಾತ್ರಿ ಎಚ್ಚರಗೊಳ್ಳುವುದು, ಹೆಚ್ಚು ಸಲ ಹಾಲು ಕೇಳುವುದು ಸಹಜ ಬೆಳವಣಿಗೆಯ ಭಾಗ. ಅವುಗಳನ್ನು ಅನ್ನದ ಹಸಿವೆಂದು ತಿಳಿಯಬಾರದು.

ತಡಮಾಡುವುದರಲ್ಲೂ ಅಪಾಯವಿದೆ. ತಾಯಿಯ ಗರ್ಭದಿಂದ ಮಗು ತಂದ ಕಬ್ಬಿಣದ ಅಂಶ ಆರು ತಿಂಗಳ ಹೊತ್ತಿಗೆ ಕಡಿಮೆಯಾಗತೊಡಗುತ್ತದೆ. ಅಲ್ಲಿಂದ ಮುಂದೆ ಹಾಲೊಂದೇ ಆ ಕೊರತೆಯನ್ನು ತುಂಬಲಾರದು. ಆರು ತಿಂಗಳು ತುಂಬಿದ ಮೇಲೂ ಮಗುವಿನಲ್ಲಿ ಈ ಲಕ್ಷಣಗಳು ಕಾಣದಿದ್ದರೆ ಕಾಯುತ್ತಾ ಕೂರದೆ ವೈದ್ಯರಿಗೆ ತೋರಿಸಬೇಕು.

ಮೊದಲ ಆಹಾರಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. ರಾಗಿ ಸರಿ, ಚೆನ್ನಾಗಿ ಬೆಂದು ನುರಿದ ಅನ್ನ ಮತ್ತು ಬೇಳೆ, ಹಿಸುಕಿದ ಬಾಳೆಹಣ್ಣು, ಬೇಯಿಸಿದ ತರಕಾರಿ, ಕ್ರಮೇಣ ಮೊಟ್ಟೆಯ ಹಳದಿ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಮಾಂಸ ನಮ್ಮ ಅಡುಗೆ ಮನೆಗಳಲ್ಲೇ ಇವೆ. ಮೊದಲು ಎರಡು ಮೂರು ಚಮಚ ಸಾಕು. ಆರು ತಿಂಗಳು ತುಂಬಿದ ಮಕ್ಕಳಿಗೆ ಅಂಗನವಾಡಿಯಿಂದ ಪೂರಕ ಆಹಾರದ ಹಕ್ಕಿದೆ, ಅದನ್ನು ಪಡೆಯಲು ಸಂಕೋಚ ಬೇಡ. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಹಳೆಯ ಗ್ರಂಥಗಳಲ್ಲಿ ಶಿಶುವಿಗೆ ಜೇನು ಬಳಸಿದ ಉಲ್ಲೇಖಗಳಿವೆ. ಆದರೆ ಶಿಶುಗಳಲ್ಲಿ ಬೊಟುಲಿಸಮ್ ಎಂಬ ನರಗಳ ಕಾಯಿಲೆಯನ್ನು 1976ರಲ್ಲಿ ಗುರುತಿಸಿದ ನಂತರ, ಜೇನಿನಲ್ಲಿ ಅದರ ರೋಗಾಣು ಇರಬಹುದೆಂಬುದು ತಿಳಿದುಬಂದಿದೆ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದೆಂದು ವೈದ್ಯರು ಹೇಳುತ್ತಾರೆ. ತಹ್‌ನೀಕ್‌ಗೆ ಖರ್ಜೂರವೇ ಸುನ್ನತ್ತಿನಲ್ಲಿ ಬಂದಿರುವುದು. ಮೇಲಾಗಿ ಅದು ಊಟವಲ್ಲ, ಅಂಗುಳಿಗೆ ಸವರುವ ಒಂದಿಷ್ಟು ಮಾತ್ರ.

ಸಮುದಾಯದ ಹೊಣೆ

2017ರ ತಿದ್ದುಪಡಿಯ ಮೂಲಕ ಭಾರತದ ಹೆರಿಗೆ ಸೌಲಭ್ಯ ಕಾನೂನು ವೇತನ ಸಹಿತ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರಗಳಿಂದ 26 ವಾರಗಳಿಗೆ ಏರಿಸಿತು. 26 ವಾರಗಳೆಂದರೆ ಆರು ತಿಂಗಳು. ಉಮರ್(ರ)ರು ಬಹಳ ಹಿಂದೆ ಮಾಡಿದುದರ ಆಶಯವೇ ಇಲ್ಲಿಯೂ ಕಾಣುತ್ತದೆ: ಸಂಪಾದನೆಗಾಗಿ ಮಗುವಿನ ಹಾಲು ತಪ್ಪಿಸಬೇಕಾದ ಪರಿಸ್ಥಿತಿ ತಾಯಿಗೆ ಬರಬಾರದು. ಆದರೆ ಬೀಡಿ ಕಟ್ಟುವ, ಕೂಲಿಗೆ ಹೋಗುವ, ಮನೆಗೆಲಸ ಮಾಡುವ ನಮ್ಮ ಸಹೋದರಿಯರಿಗೆ ಇಂತಹ ರಜೆ ಸುಲಭವಾಗಿ ಕೈಗೆಟಕುವುದಿಲ್ಲ. ಹೆರಿಗೆಯಾದ ಬಡ ತಾಯಿಗೆ ಆರು ತಿಂಗಳ ಆಹಾರದ ನೆರವು ಒದಗಿಸಲು ಜಮಾಅತ್‌ಗಳು ಮತ್ತು ಝಕಾತ್ ಸಮಿತಿಗಳು ಯೋಚಿಸಬಹುದು. ಮನೆಯೊಳಗೆ ಈ ಹೊಣೆ ಪತಿಯದ್ದು, ಅತ್ತೆಯದ್ದು, ನಾದಿನಿಯದ್ದು. ಹಾಲೂಡಿಸುವ ತಾಯಿಗೆ ಒಳ್ಳೆಯ ಊಟ, ಸ್ವಲ್ಪ ವಿಶ್ರಾಂತಿ ಮತ್ತು ನಿರ್ಧಾರದಲ್ಲಿ ಪಾಲು ಕೊಡುವುದು ಅಲ್ ಬಕರದ ಸೂಕ್ತ ಹೇಳಿದ ಸಮ್ಮತಿ ಹಾಗೂ ಸಮಾಲೋಚನೆಯ ಆಶಯಕ್ಕೆ ಸೇರಿದ್ದು.

ನೆರೆಮನೆಯ ಮಗು ನಾಲ್ಕು ತಿಂಗಳಿಗೆ ಅನ್ನ ತಿಂದಿತೆಂಬುದು ನಮ್ಮ ಮಗುವಿಗೆ ಅಳತೆಗೋಲಲ್ಲ. ಅಲ್ಲಾಹನು ಪ್ರತಿಯೊಂದು ಮಗುವಿನ ದೇಹದಲ್ಲೂ ಸಮಯದ ಸೂಚನೆಗಳನ್ನು ಇಟ್ಟಿದ್ದಾನೆ. ಅವುಗಳನ್ನು ತಾಳ್ಮೆಯಿಂದ ಗಮನಿಸುವುದು, ಬಂದಾಗ ತಡಮಾಡದೆ ಬಿಸ್ಮಿಲ್ಲಾಹ್ ಹೇಳಿ ಮೊದಲ ತುತ್ತು ನೀಡುವುದು ನಮ್ಮ ಕರ್ತವ್ಯ. ನಮ್ಮ ಮಕ್ಕಳನ್ನು ಆರೋಗ್ಯವಂತರಾಗಿ, ಕಣ್ಣಿಗೆ ತಂಪು ನೀಡುವವರಾಗಿ ಬೆಳೆಸಲು ಅಲ್ಲಾಹನು ನಮಗೆ ತೌಫೀಕ್ ನೀಡಲಿ. ಆಮೀನ್.